ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಬೇಡಿ

ಕದ್ದವನನ್ನು ನಾವು ಪೊಲೀಸರಿಗೆ ಒಪ್ಪಿಸುತ್ತೇವೆ, ಕಾಯಿಲೆ ಬಿದ್ದವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಇವೆರಡೂ ಬೇರೆ ಬೇರೆ ದಾರಿಗಳು ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ಆದರೆ ಕಾಯಿಲೆಯ ದೆಸೆಯಿಂದಲೇ ಕದ್ದವನನ್ನು ಏನು ಮಾಡಬೇಕು? ಅದಕ್ಕಿಂತಲೂ ಹೆಚ್ಚಾಗಿ, ಆ ಕಾಯಿಲೆಯ ಲಕ್ಷಣವೇ ಕಾನೂನಿನ ಪುಸ್ತಕದಲ್ಲಿ ಅಪರಾಧವಾಗಿದ್ದರೆ ಏನು ಮಾಡಬೇಕು? ಮಾದಕ ವಸ್ತುಗಳ ಚಟಕ್ಕೆ ಸಿಕ್ಕಿಬಿದ್ದವರ ವಿಷಯದಲ್ಲಿ ಈ ಪ್ರಶ್ನೆ ಎಲ್ಲ ಸಮಾಜಗಳನ್ನೂ ಕಾಡಿದೆ. ಅಮೆರಿಕ ಅದಕ್ಕೆ ಕಂಡುಕೊಂಡ ಒಂದು ಉತ್ತರವೆಂದರೆ ಡ್ರಗ್ ಕೋರ್ಟ್. ಶಿಕ್ಷೆ ವಿಧಿಸಲಿಕ್ಕಲ್ಲ, ಚಟ ಬಿಡಿಸಲಿಕ್ಕೆಂದೇ ಹುಟ್ಟಿಕೊಂಡ ನ್ಯಾಯಾಲಯ ಅದು. ಮೇಲ್ನೋಟಕ್ಕೆ ಕರುಣೆಯ ಕೆಲಸವಾಗಿ ಕಾಣುವ ಈ ಏರ್ಪಾಟಿನ ಒಳಗೆ ಕೆಲವು ಗಂಟುಗಳಿವೆ. ಅವುಗಳನ್ನು ಬಿಡಿಸಿ ನೋಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಮೊದಲು ಸ್ವಲ್ಪ ಇತಿಹಾಸ. ವ್ಯಸನಿಗಳನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಅಮೆರಿಕದ ಮನಸ್ಸು ಎಂದೂ ಒಂದೇ ಕಡೆ ನಿಂತದ್ದಿಲ್ಲ. 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಸರ್ಕಾರ ಒಂದು ಸಂಸ್ಥೆಯನ್ನು ತೆರೆಯಿತು. ಅದು ಅರ್ಧ ಜೈಲು, ಅರ್ಧ ಆಸ್ಪತ್ರೆ. ಶಿಕ್ಷೆಗೊಳಗಾದ ವ್ಯಸನಿಗಳೂ ತಾವಾಗಿಯೇ ಬಂದು ಸೇರಿದವರೂ ಅಲ್ಲಿ ಒಟ್ಟಿಗಿದ್ದರು, ಹೊಲದಲ್ಲಿ ದುಡಿಯುತ್ತಿದ್ದರು. 1962ರಲ್ಲಿ ರಾಬಿನ್‌ಸನ್ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ವ್ಯಸನಿಯಾಗಿರುವುದೇ ಅಪರಾಧ, ಅದಕ್ಕೆ ಕನಿಷ್ಠ 90 ದಿನಗಳ ಜೈಲುವಾಸ ಎಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತಿತ್ತು. ನ್ಯಾಯಾಲಯ ಅದನ್ನು ರದ್ದುಪಡಿಸಿತು. ನೆಗಡಿ ಬಂದದ್ದಕ್ಕೆ ಒಂದೇ ಒಂದು ದಿನ ಜೈಲಿಗೆ ಹಾಕಿದರೂ ಅದು ಕ್ರೌರ್ಯವೇ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ.

ಆದರೆ ಅದೇ ತೀರ್ಪು ಇನ್ನೊಂದು ಬಾಗಿಲನ್ನು ತೆರೆದೇ ಇಟ್ಟಿತು. ವ್ಯಸನಿಯಾಗಿರುವುದಕ್ಕೆ ಶಿಕ್ಷೆ ಕೊಡಕೂಡದು, ಸರಿ. ಆದರೆ ಅಮಲು ಪದಾರ್ಥವನ್ನು ಕೊಂಡರೆ, ಇಟ್ಟುಕೊಂಡರೆ, ಸೇವಿಸಿದರೆ ಶಿಕ್ಷಿಸಲು ಅಡ್ಡಿಯಿಲ್ಲ. ಕೊಳ್ಳದೆ, ಇಟ್ಟುಕೊಳ್ಳದೆ, ಸೇವಿಸದೆ ವ್ಯಸನಿಯಾಗಿ ಉಳಿಯುವುದು ಹೇಗೆ ಎಂದು ಕೇಳಿದರೆ ಆ ತೀರ್ಪಿನಲ್ಲಿ ಉತ್ತರವಿಲ್ಲ. ಕೆಮ್ಮಿನ ಕಾಯಿಲೆ ಇರಬಹುದು, ಕೆಮ್ಮಬಾರದು ಎಂದಂತಾಯಿತು! ಮುಂದೆ ಬಂದ ಡ್ರಗ್ ಕೋರ್ಟುಗಳು ನೆಲೆ ಕಂಡುಕೊಂಡದ್ದು ಈ ಸಣ್ಣ ಸಂದಿನಲ್ಲೇ.

1980ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಕೊಕೇನ್, ಅದರಲ್ಲೂ ಕ್ರ್ಯಾಕ್ ಎಂಬ ಅಗ್ಗದ ರೂಪ, ನಗರಗಳ ಬಡ ಕೇರಿಗಳನ್ನು ಆವರಿಸಿಕೊಂಡಿತು. 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ ಮಾರಲೆಂದು ಇಟ್ಟುಕೊಂಡವನಿಗೆ ಕನಿಷ್ಠ ಐದು ವರ್ಷ ಸೆರೆ. ಪುಡಿ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕು. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಗೆ ಗುರಿಯಾದವರಲ್ಲಿ ಬಹುಪಾಲು ಕರಿಯರಾದುದರಿಂದ ಒಂದಕ್ಕೆ ನೂರರ ಈ ತಕ್ಕಡಿ ಯಾರ ಮೇಲೆ ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. 2010ರಲ್ಲಿ ಆ ಅಂತರವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲಾಯಿತು. ಅಷ್ಟರಲ್ಲಿ ಕಾಲು ಶತಮಾನವೇ ಕಳೆದಿತ್ತು.

ಮಯಾಮಿ ನಗರದ ಜೈಲುಗಳು ತುಂಬಿ ತುಳುಕುತ್ತಿದ್ದ ಆ ದಿನಗಳಲ್ಲಿ, 1989ರಲ್ಲಿ, ಅಲ್ಲಿನ ನ್ಯಾಯಾಧೀಶ ಹರ್ಬರ್ಟ್ ಕ್ಲೈನ್, ಸರ್ಕಾರಿ ಅಭಿಯೋಜಕಿ ಜಾನೆಟ್ ರೆನೊ ಮತ್ತು ಬಡ ಆರೋಪಿಗಳ ಪರ ವಾದಿಸುವ ಸಾರ್ವಜನಿಕ ವಕೀಲರ ಕಚೇರಿಯ ಮುಖ್ಯಸ್ಥ ಬೆನೆಟ್ ಬ್ರಮರ್ ಮೊದಲಾದವರು ಸೇರಿ ಹೊಸದೊಂದು ಪ್ರಯೋಗಕ್ಕೆ ಕೈಹಾಕಿದರು. ಅದರ ಪೀಠದಲ್ಲಿ ಕುಳಿತವರು ಸ್ಟ್ಯಾನ್ಲಿ ಗೋಲ್ಡ್‌ಸ್ಟೀನ್ ಎಂಬ ನ್ಯಾಯಾಧೀಶರು. ಸಣ್ಣ ಪ್ರಮಾಣದ ಮಾದಕ ವಸ್ತುವಿನೊಂದಿಗೆ ಸಿಕ್ಕಿಬಿದ್ದವನು ಚಿಕಿತ್ಸೆಗೆ ಒಪ್ಪಿಕೊಂಡರೆ ಅವನ ಮೇಲಿನ ವಿಚಾರಣೆಯನ್ನು ತಡೆಹಿಡಿಯಲಾಗುತ್ತಿತ್ತು. ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯೇ ರದ್ದು. ಕಿವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಕೂಡ ಆ ಚಿಕಿತ್ಸೆಯ ಭಾಗವಾಗಿತ್ತು ಎಂಬುದು ಇಂದು ಕೇಳಲು ವಿಚಿತ್ರವಾಗಿದೆ. ರೆನೊ 1993ರಲ್ಲಿ ಇಡೀ ದೇಶದ ಅಟಾರ್ನಿ ಜನರಲ್ ಆದರು. ಮರುವರ್ಷದ ಅಪರಾಧ ಕಾನೂನು ಡ್ರಗ್ ಕೋರ್ಟುಗಳಿಗೆ ಕೇಂದ್ರದ ಅನುದಾನದ ದಾರಿ ತೆರೆಯಿತು. ಟೊರಾಂಟೊದಲ್ಲಿ 1998ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1999ರಲ್ಲಿ, ಡಬ್ಲಿನ್‌ನಲ್ಲಿ 2001ರಲ್ಲಿ ಇಂಥವೇ ನ್ಯಾಯಾಲಯಗಳು ಬಂದವು. ಇಂದು ಅಮೆರಿಕದಲ್ಲೇ ಮೂರು ಸಾವಿರಕ್ಕೂ ಹೆಚ್ಚು ಇವೆ.

ಈ ನ್ಯಾಯಾಲಯದ ಒಳಗೆ ಏನು ನಡೆಯುತ್ತದೆಂಬುದನ್ನು ತುಸು ವಿವರವಾಗಿ ನೋಡಬೇಕು. ಸಾಮಾನ್ಯ ನ್ಯಾಯಾಲಯದಲ್ಲಿ ಒಬ್ಬ ದೂರುತ್ತಾನೆ, ಇನ್ನೊಬ್ಬ ಸಮರ್ಥಿಸುತ್ತಾನೆ, ಮೂರನೆಯವನು ತೀರ್ಮಾನಿಸುತ್ತಾನೆ. ಇಲ್ಲಿ ಮೂವರೂ ಒಂದೇ ತಂಡ. ಕಲಾಪಕ್ಕೆ ಮುನ್ನ ನ್ಯಾಯಾಧೀಶ, ಎರಡೂ ಕಡೆಯ ವಕೀಲರು, ಪ್ರೊಬೇಷನ್ ಅಧಿಕಾರಿ ಮತ್ತು ಚಿಕಿತ್ಸಾ ಕೇಂದ್ರದವರು ಒಟ್ಟಿಗೆ ಕುಳಿತು ಒಬ್ಬೊಬ್ಬರ ಪ್ರಗತಿಯನ್ನು ಚರ್ಚಿಸುತ್ತಾರೆ. ಆಮೇಲೆ ವ್ಯಸನಿ ನ್ಯಾಯಾಧೀಶರ ಎದುರು ಬಂದು ನಿಲ್ಲುತ್ತಾನೆ. ಮೊದಮೊದಲು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಈ ನಡುವೆ ಯಾವ ದಿನ ಬೇಕಾದರೂ ಮೂತ್ರ ಪರೀಕ್ಷೆಗೆ ಕರೆ ಬರಬಹುದು. ಕೆಲಸ ಸಿಕ್ಕಿತೇ, ಮಗುವನ್ನು ನೋಡಿ ಬಂದೆಯಾ ಎಂದು ನ್ಯಾಯಾಧೀಶರೇ ವಿಚಾರಿಸುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಇಡೀ ನ್ಯಾಯಾಲಯವೇ ಚಪ್ಪಾಳೆ ತಟ್ಟುತ್ತದೆ. ತಪ್ಪಿದವನಿಗೆ ಗದರಿಕೆ, ಸಮಾಜಸೇವೆಯ ಶಿಕ್ಷೆ, ಇಲ್ಲವೇ ಕೆಲವು ದಿನಗಳ ಜೈಲು. ಒಂದು, ಒಂದೂವರೆ ವರ್ಷ ಹೀಗೆ ಕಳೆದು ಪಾರಾದವರಿಗೆ ಪದವಿ ಪ್ರದಾನದಂಥ ಸಮಾರಂಭ, ಪ್ರಮಾಣಪತ್ರ.

ಇದನ್ನು ನಾಟಕವೆಂದು ನಗುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಬದುಕಿನುದ್ದಕ್ಕೂ ನ್ಯಾಯಾಲಯದಲ್ಲಿ ಬರೀ ಕ್ರಮಸಂಖ್ಯೆಯಾಗಿದ್ದ ಮನುಷ್ಯನನ್ನು, ಕಪ್ಪು ಕೋಟು ಹಾಕಿಕೊಂಡ ಅಧಿಕಾರವೊಂದು ಒಂದು ವರ್ಷದ ಕಾಲ ಹೆಸರು ಹಿಡಿದು ಕರೆದು ಕ್ಷೇಮ ವಿಚಾರಿಸುವುದು ಸಣ್ಣ ಮಾತಲ್ಲ. ಅಂಕಿಅಂಶಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ಲೆಕ್ಕಾಚಾರದಂತೆ, ಸಾಮಾನ್ಯ ನ್ಯಾಯಾಲಯದಿಂದ ಹೊರಬಂದವರಲ್ಲಿ ನೂರಕ್ಕೆ 50 ಮಂದಿ ಮತ್ತೆ ಅಪರಾಧಕ್ಕೆ ಬಿದ್ದರೆ ಡ್ರಗ್ ಕೋರ್ಟಿನಿಂದ ಬಂದವರಲ್ಲಿ ಆ ಸಂಖ್ಯೆ ಸುಮಾರು 38. ಇಪ್ಪತ್ಮೂರು ಡ್ರಗ್ ಕೋರ್ಟುಗಳನ್ನು ಹಲವು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಗಮನಿಸಿದ ಸಂಗತಿ ಹೆಚ್ಚು ಕುತೂಹಲದ್ದು. ನ್ಯಾಯಾಧೀಶರು ತಮ್ಮನ್ನು ಗೌರವದಿಂದ, ನ್ಯಾಯವಾಗಿ ನಡೆಸಿಕೊಂಡರು ಎಂದು ಯಾರಿಗೆ ಅನಿಸಿತೋ ಅವರಲ್ಲಿ ಚಟವೂ ಅಪರಾಧವೂ ಹೆಚ್ಚು ಇಳಿದಿದ್ದವು.

ಹಾಗಾದರೆ ತಕರಾರೇನು?

ಮೊದಲ ತಕರಾರು, ಮತ್ತೆ ಜಾರಿ ಬೀಳುವುದರ ಕುರಿತಾದದ್ದು. ವ್ಯಸನವನ್ನು ಬಲ್ಲ ಯಾವ ವೈದ್ಯನೂ ಒಂದೇ ಏಟಿಗೆ ಚಟ ಬಿಡುತ್ತದೆಂದು ಹೇಳುವುದಿಲ್ಲ. ಬಿಟ್ಟು, ಹಿಡಿದು, ಮತ್ತೆ ಬಿಟ್ಟು ಸಾಗುವುದು ಆ ಕಾಯಿಲೆಯ ನಡೆ. ವ್ಯಸನವೊಂದು ಕಾಯಿಲೆ ಎಂದು ಒಪ್ಪಿಕೊಂಡೇ ಹುಟ್ಟಿದ ನ್ಯಾಯಾಲಯ, ಕಾಯಿಲೆ ಮರುಕಳಿಸಿದ ದಿನ ಅದನ್ನು ಆಜ್ಞೆಯ ಉಲ್ಲಂಘನೆ ಎಂದು ಕರೆಯುತ್ತದೆ. ಸಕ್ಕರೆ ಕಾಯಿಲೆಯವನ ರಕ್ತದಲ್ಲಿ ಸಕ್ಕರೆ ಏರಿತೆಂದು ಯಾವ ವೈದ್ಯನೂ ಅವನನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಈ ಪ್ರಶ್ನೆ ನೇರವಾಗಿ ಬಂತು. ಅದು ಡ್ರಗ್ ಕೋರ್ಟಿನದಲ್ಲ, ಸಾಮಾನ್ಯ ಪ್ರೊಬೇಷನ್ನಿನ ಪ್ರಕರಣ. ಆದರೆ ಪ್ರಶ್ನೆ ಒಂದೇ. ಕಳ್ಳತನದ ಪ್ರಕರಣದಲ್ಲಿ ಪ್ರೊಬೇಷನ್ ಮೇಲಿದ್ದ ಮಹಿಳೆಯೊಬ್ಬಳಿಗೆ ಮಾದಕ ವಸ್ತುವಿನಿಂದ ದೂರವಿರಬೇಕೆಂಬ ಷರತ್ತಿತ್ತು. ಆಕೆ ಚಿಕಿತ್ಸೆಗೂ ಸೇರಿದ್ದಳು. ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಫೆಂಟನಿಲ್ ಕಂಡುಬಂತು. ವ್ಯಸನಿಗೆ ವ್ಯಸನ ಬಿಡು ಎಂದು ಆಜ್ಞೆ ಮಾಡಿ, ಬಿಡಲಾಗದ್ದಕ್ಕೆ ಶಿಕ್ಷಿಸುವುದು ನ್ಯಾಯವೇ ಎಂದು ಆಕೆಯ ವಕೀಲರು ಕೇಳಿದರು. 2018ರ ತೀರ್ಪು ಆ ಷರತ್ತನ್ನು ಎತ್ತಿಹಿಡಿಯಿತು. ಪ್ರಕರಣದ ಒಂದು ವಿವರ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಆಕೆಯನ್ನು ಜೈಲಿನಲ್ಲಿಟ್ಟದ್ದು ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ ಖಾಲಿ ಇಲ್ಲವೆಂದು. ಹಾಸಿಗೆ ಸಿಕ್ಕಿದ ಕೂಡಲೇ ಆಕೆಯನ್ನು ಅಲ್ಲಿಗೆ ಕಳುಹಿಸಲಾಯಿತು. ಅಷ್ಟು ದಿನ ಜೈಲು ಆಸ್ಪತ್ರೆಯ ವರಾಂಡದ ಕೆಲಸ ಮಾಡಿತ್ತು!

ಎರಡನೆಯದು, ನ್ಯಾಯಾಧೀಶನು ವೈದ್ಯನಾಗುವುದರಲ್ಲಿರುವ ಅಪಾಯ. ಹೆರಾಯಿನ್‌ನಂಥ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಿಗಳಿವೆ. ಅವು ಸಾವನ್ನು ತಡೆಯುತ್ತವೆ ಎಂಬುದಕ್ಕೆ ಪುರಾವೆ ಬಲವಾಗಿದೆ. ಆದರೆ ಬಹಳಷ್ಟು ಡ್ರಗ್ ಕೋರ್ಟುಗಳು ವರ್ಷಗಟ್ಟಲೆ ಈ ಔಷಧಿಗಳನ್ನು ಬಳಸಲು ಬಿಡಲಿಲ್ಲ. ಒಂದು ಅಮಲಿನ ಬದಲು ಇನ್ನೊಂದು ಅಮಲೇಕೆ ಎಂಬುದು ಪೀಠದ ಮೇಲೆ ಕುಳಿತವರ ವಾದ. ವೈದ್ಯ ಬರೆದುಕೊಟ್ಟ ಮಾತ್ರೆಯನ್ನು ನ್ಯಾಯಾಧೀಶ ಬಿಡಿಸಿದ. ಕೊನೆಗೆ 2015ರಲ್ಲಿ ಕೇಂದ್ರ ಸರ್ಕಾರವೇ ಇಂಥ ನಿಷೇಧ ಹೇರುವ ನ್ಯಾಯಾಲಯಗಳಿಗೆ ತನ್ನ ಅನುದಾನವಿಲ್ಲವೆಂದು ಹೇಳಬೇಕಾಯಿತು. ಇದರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುತ್ತಿಲ್ಲ. ಒಳ್ಳೆಯದನ್ನೇ ಬಯಸುವವರ ಕೈಗೆ ಬಾಗಿಲಿನ ಬೀಗವೂ ಸಿಕ್ಕಿದಾಗ ಹೀಗಾಗುತ್ತದೆ. ಜಾರ್ಜಿಯಾ ರಾಜ್ಯದ ಒಂದು ಡ್ರಗ್ ಕೋರ್ಟಿನಲ್ಲಿ ಸಣ್ಣಪುಟ್ಟ ತಪ್ಪಿಗೂ ಅನಿರ್ದಿಷ್ಟ ಕಾಲ ಜೈಲಿಗೆ ಕಳುಹಿಸುತ್ತಿದ್ದರೆಂಬ ಸಂಗತಿ 2011ರಲ್ಲಿ ರೇಡಿಯೋ ವರದಿಯೊಂದರಿಂದ ಹೊರಬಂದು, ಅಲ್ಲಿನ ನ್ಯಾಯಾಧೀಶೆ ಮರುವರ್ಷದ ಜನವರಿಯಲ್ಲಿ ಹುದ್ದೆ ಬಿಟ್ಟರು.

ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಈ ಅಪಾಯವನ್ನು 1949ರಷ್ಟು ಹಿಂದೆಯೇ ಕಂಡಿದ್ದರು. ಶಿಕ್ಷೆಯ ಬದಲು ಚಿಕಿತ್ಸೆ ಎಂಬ ಮಾನವೀಯ ವಾದವನ್ನು ವಿರೋಧಿಸಿ ಬರೆದ ಪ್ರಬಂಧದಲ್ಲಿ ಅವರು ಎತ್ತಿದ ಪ್ರಶ್ನೆಯ ಸಾರ ಹೀಗೆ: ತಪ್ಪಿಗೆ ತಕ್ಕ ಶಿಕ್ಷೆ ಎಂದಾಗ ಅದಕ್ಕೊಂದು ಅಳತೆ ಇರುತ್ತದೆ, ಅದು ಹೆಚ್ಚಾಯಿತೆಂದು ಯಾರು ಬೇಕಾದರೂ ಕೇಳಬಹುದು, ಗುಣಪಡಿಸುತ್ತೇವೆ ಎಂದಾಗ ಆ ಅಳತೆ ಎಲ್ಲಿದೆ? ಲೂಯಿಸರ ಎಲ್ಲ ಮಾತನ್ನೂ ನಾವು ಒಪ್ಪಬೇಕಿಲ್ಲ. ತಕ್ಕ ಶಿಕ್ಷೆಯ ಹೆಸರಿನಲ್ಲೇ 5 ಗ್ರಾಂ ಕ್ರ್ಯಾಕಿಗೆ ಐದು ವರ್ಷ ಕೊಟ್ಟದ್ದನ್ನೂ ಲೋಕ ನೋಡಿದೆ. ಆದರೆ ಅಳತೆಯ ಪ್ರಶ್ನೆ ಮಾತ್ರ ಡ್ರಗ್ ಕೋರ್ಟಿಗೆ ಸರಿಯಾಗಿ ತಾಗುತ್ತದೆ. ಮಯಾಮಿಯ ಮೊದಲ ಮಾದರಿಯಲ್ಲಿ ತಪ್ಪೊಪ್ಪಿಕೊಳ್ಳಬೇಕಾದ ಅಗತ್ಯವಿರಲಿಲ್ಲ. ಮುಂದೆ ಬಂದ ಎಷ್ಟೋ ನ್ಯಾಯಾಲಯಗಳು ಮೊದಲು ತಪ್ಪೊಪ್ಪಿಗೆಯನ್ನು ಬರೆಸಿಕೊಂಡು ಆಮೇಲೆ ಚಿಕಿತ್ಸೆಗೆ ಸೇರಿಸಿಕೊಂಡವು. ವಿಫಲನಾದವನಿಗೆ ವಿಚಾರಣೆಯ ಹಕ್ಕೂ ಉಳಿಯುವುದಿಲ್ಲ, ನೇರವಾಗಿ ಶಿಕ್ಷೆ. 2013ರ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಡ್ರಗ್ ಕೋರ್ಟುಗಳು ಜೈಲಿಗೆ ಹೋಗುವವರ ಸಂಖ್ಯೆಯನ್ನು ತಗ್ಗಿಸಿದರೂ, ಒಟ್ಟಾರೆ ಜೈಲಿನಲ್ಲಿ ಕಳೆಯುವ ದಿನಗಳನ್ನು ತಗ್ಗಿಸಲಿಲ್ಲ. ಗೆದ್ದವರು ಉಳಿಸಿದ ದಿನಗಳನ್ನು ಸೋತವರು ತಮ್ಮ ದೀರ್ಘ ಶಿಕ್ಷೆಗಳಲ್ಲಿ ಅನುಭವಿಸಿ ತೀರಿಸಿದರು.

ಈ ಮಾತನ್ನು ನಾವು ಇನ್ನೊಮ್ಮೆ ಯೋಚಿಸಬೇಕು. ಯಾರು ಗೆಲ್ಲುತ್ತಾರೆ? ಕೆಲಸವಿದ್ದವನು, ಮನೆಯಲ್ಲಿ ಕಾಯುವ ಹೆಂಡತಿಯೋ ತಾಯಿಯೋ ಇದ್ದವನು, ವಾರವಾರ ನ್ಯಾಯಾಲಯಕ್ಕೆ ಬರಲು ಬಸ್ಸಿನ ಕಾಸು ಇದ್ದವನು. ಯಾರು ಸೋಲುತ್ತಾರೆ? ಇವ್ಯಾವುದೂ ಇಲ್ಲದವನು, ಎಂದರೆ ಚಟ ಯಾರನ್ನು ಹೆಚ್ಚು ಆಳವಾಗಿ ಕಚ್ಚಿಕೊಂಡಿದೆಯೋ ಅವನು. ಸಹಾಯ ಅತ್ಯಂತ ಅಗತ್ಯವಿದ್ದವನೇ ಸಹಾಯ ಕೇಳಿದ್ದಕ್ಕೆ ಹೆಚ್ಚು ಬೆಲೆ ತೆರುತ್ತಾನೆ. ಕೇಂದ್ರದ ಅನುದಾನದ ನಿಯಮ ಹಿಂಸೆಯ ಆರೋಪವಿದ್ದವರನ್ನು ಮೊದಲೇ ಹೊರಗಿಟ್ಟಿತ್ತು ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು. ಡೆನ್ವರ್ ನಗರದ ನ್ಯಾಯಾಧೀಶ ಮಾರಿಸ್ ಹಾಫ್‌ಮನ್ ತಮ್ಮ ನಗರದಲ್ಲಿ ಡ್ರಗ್ ಕೋರ್ಟ್ ಬಂದ ಮೇಲೆ ಮಾದಕ ವಸ್ತುಗಳ ಮೊಕದ್ದಮೆಗಳೇ ಹಲವು ಪಟ್ಟು ಹೆಚ್ಚಾದವೆಂದು 2000ದಲ್ಲಿ ಬರೆದರು. ಹೇಗೂ ಚಿಕಿತ್ಸೆ ಸಿಗುತ್ತದಲ್ಲ ಎಂದು ಪೊಲೀಸರು ಮೊದಲು ಬಿಟ್ಟುಬಿಡುತ್ತಿದ್ದವರನ್ನೂ ಹಿಡಿದು ತರತೊಡಗಿದರೆ ಆಶ್ಚರ್ಯವೇನು? ಬಲೆ ರೇಷ್ಮೆಯದಾದರೂ ಬಲೆಯೇ.

ಡ್ರಗ್ ಕೋರ್ಟಿನ ಪರವಾಗಿರುವವರ ಉತ್ತರವನ್ನೂ ನಾವು ಕೇಳಿಸಿಕೊಳ್ಳಬೇಕು. ಅದು ಹಗುರವಾದದ್ದಲ್ಲ. ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬರುವುದು ಅಪರೂಪ, ಬಂದರೂ ಉಳಿಯುವುದು ಇನ್ನೂ ಅಪರೂಪ ಎನ್ನುತ್ತಾರೆ ಅವರು. ಅವನ ಇಚ್ಛೆಯನ್ನು ಗೌರವಿಸಿ ಎನ್ನುವಾಗ ಆ ಇಚ್ಛೆ ಯಾರದು? ಅವನದೋ, ಅವನೊಳಗೆ ಕುಳಿತ ಅಮಲಿನದೋ? ಇಂಥ ಒಬ್ಬ ಮಗನಿಗಾಗಿ ರಾತ್ರಿಯೆಲ್ಲ ಬಾಗಿಲು ಕಾದ ತಾಯಂದಿರಿಗೆ ಈ ವಾದವನ್ನು ವಿವರಿಸಬೇಕಾಗಿಲ್ಲ. ಹಿಡಿದು ಕೂಡಿಹಾಕಿದರೂ ಸರಿ, ಬದುಕಿದ್ದರೆ ಸಾಕು ಎನ್ನುವ ಹಂತವನ್ನು ಅವರು ಯಾವತ್ತೋ ದಾಟಿರುತ್ತಾರೆ.

ಕ್ಯಾಲಿಫೋರ್ನಿಯಾದ ಅನುಭವ ಈ ಉತ್ತರಕ್ಕೆ ಒಂದು ಮಟ್ಟಿಗೆ ಬೆಂಬಲವಾಗಿದೆ. 2000ದ ನವೆಂಬರಿನಲ್ಲಿ ಅಲ್ಲಿನ ಮತದಾರರು 36ನೇ ಪ್ರಸ್ತಾವವನ್ನು ಅಂಗೀಕರಿಸಿದರು. ಸ್ವಂತ ಬಳಕೆಗೆ ಮಾದಕ ವಸ್ತು ಇಟ್ಟುಕೊಂಡು ಸಿಕ್ಕವನಿಗೆ ಜೈಲಿಲ್ಲ, ಚಿಕಿತ್ಸೆ. ಅದಕ್ಕೆಂದೇ ವರ್ಷಕ್ಕೆ 12 ಕೋಟಿ ಡಾಲರ್ ತೆಗೆದಿಡಲಾಯಿತು. ತಪ್ಪಿದವನನ್ನು ನಾಲ್ಕು ದಿನ ಜೈಲಿಗೆ ಕಳುಹಿಸುವ ಅಧಿಕಾರವೂ ತಮಗಿಲ್ಲವಲ್ಲ ಎಂದು ಡ್ರಗ್ ಕೋರ್ಟಿನ ನ್ಯಾಯಾಧೀಶರೇ ಅದನ್ನು ವಿರೋಧಿಸಿದ್ದರು. ಮುಂದೆ 2014ರಲ್ಲಿ ಇನ್ನೊಂದು ಪ್ರಸ್ತಾವ ಇಂಥ ಅಪರಾಧಗಳನ್ನು ಸಣ್ಣ ಅಪರಾಧಗಳ ಪಟ್ಟಿಗೆ ಇಳಿಸಿತು. ದೊಡ್ಡ ಶಿಕ್ಷೆಯ ಭಯ ಹೋದ ಮೇಲೆ ಡ್ರಗ್ ಕೋರ್ಟಿಗೆ ಸೇರುವವರೂ ಕಡಿಮೆಯಾದರು. ವರ್ಷವಿಡೀ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕಿಂತ ಕೆಲವು ದಿನ ಜೈಲಿನಲ್ಲಿದ್ದು ಬರುವುದು ವಾಸಿಯಲ್ಲವೇ? 2024ರಲ್ಲಿ ಮತ್ತೆ ಒಂದು ಪ್ರಸ್ತಾವ. ಕಾಕತಾಳೀಯವೆಂಬಂತೆ ಅದರ ಸಂಖ್ಯೆಯೂ 36. ಎರಡು ಸಲ ಶಿಕ್ಷೆಯಾದವನು ಮೂರನೇ ಸಲ ಸಿಕ್ಕಿಬಿದ್ದರೆ ಚಿಕಿತ್ಸೆ ಪೂರೈಸಬೇಕು, ಇಲ್ಲವಾದರೆ ಮೂರು ವರ್ಷದವರೆಗೆ ಸೆರೆ. ಈ ಸಲ ಚಿಕಿತ್ಸೆಗೆಂದು ಹೊಸ ಹಣವನ್ನು ಮಾತ್ರ ಯಾರೂ ತೆಗೆದಿಡಲಿಲ್ಲ. ಆರೆಗನ್ ರಾಜ್ಯ ಇನ್ನೂ ಮುಂದೆ ಹೋಗಿ 2021ರಲ್ಲಿ ಸ್ವಂತ ಬಳಕೆಯ ಅಪರಾಧವನ್ನೇ ತೆಗೆದುಹಾಕಿತು. ಚಿಕಿತ್ಸಾ ಕೇಂದ್ರಗಳು ತಲೆಯೆತ್ತುವ ಮೊದಲೇ ಜನರ ಸಹನೆ ಮುಗಿದು, 2024ರ ಸೆಪ್ಟೆಂಬರಿನಿಂದ ಅದು ಮತ್ತೆ ಅಪರಾಧವಾಯಿತು.

ಅಂದಮೇಲೆ ಭಯಕ್ಕೆ ಕೆಲಸವಿದೆ. ಅದನ್ನು ನಿರಾಕರಿಸಿ ಪ್ರಯೋಜನವಿಲ್ಲ. ಆದರೆ ಭಯದಿಂದ ಬಾಗಿಲವರೆಗೆ ಬಂದವನನ್ನು ಒಳಗೆ ಉಳಿಸಿಕೊಳ್ಳುವುದು ಭಯವಲ್ಲ, ಗೌರವ ಎಂದು ಆ ಇಪ್ಪತ್ಮೂರು ನ್ಯಾಯಾಲಯಗಳ ಅಧ್ಯಯನವೇ ಸೂಚಿಸುತ್ತಿದೆಯಲ್ಲ? ನಮ್ಮ ಮಟ್ಟಿಗೆ ಪರೀಕ್ಷೆ ಇಷ್ಟೇ: ಚಿಕಿತ್ಸೆಗೆ ಒಪ್ಪಿ ಸೋತವನು, ಮೊದಲೇ ಚಿಕಿತ್ಸೆ ಬೇಡವೆಂದವನಿಗಿಂತ ಹೆಚ್ಚಿನ ಶಿಕ್ಷೆ ಅನುಭವಿಸುವಂತಿದ್ದರೆ ಆ ನ್ಯಾಯಾಲಯ ಕೊಟ್ಟದ್ದು ದಯೆಯಲ್ಲ, ಜೂಜು. ಇನ್ನೊಂದು ಮಾತು. ಒಬ್ಬ ಬಡವನಿಗೆ ಒಳ್ಳೆಯ ಚಿಕಿತ್ಸೆ ಸಿಗಬೇಕಾದರೆ ಮೊದಲು ಅವನ ಕೈಗೆ ಬೇಡಿ ಬೀಳಬೇಕು ಎಂಬ ಸ್ಥಿತಿ ಯಾವ ಊರಲ್ಲಿದ್ದರೂ ಅಲ್ಲಿನ ತಪ್ಪು ನ್ಯಾಯಾಲಯದ್ದಲ್ಲ, ಆಸ್ಪತ್ರೆ ಕಟ್ಟದೆ ಇದ್ದವರದ್ದು. 2001ರಿಂದ ಪೋರ್ಚುಗಲ್‌ನಲ್ಲಿ ಹತ್ತು ದಿನಗಳ ಬಳಕೆಗಾಗುವಷ್ಟು ಮಾದಕ ವಸ್ತುವಿನೊಂದಿಗೆ ಸಿಕ್ಕವನು ನ್ಯಾಯಾಧೀಶನ ಎದುರಲ್ಲ, ಕಾನೂನು ಬಲ್ಲವರೂ ಆರೋಗ್ಯ ಮತ್ತು ಸಮಾಜಸೇವೆಯವರೂ ಇರುವ ಪುಟ್ಟ ಮಂಡಳಿಯ ಎದುರು ಕುಳಿತುಕೊಳ್ಳುತ್ತಾನೆ. ಅಲ್ಲಿಯೂ ಒತ್ತಡವಿದೆ, ದಂಡವಿದೆ. ಆದರೆ ಜೈಲಿಲ್ಲ. ಚಿಕಿತ್ಸೆಗೆ ಬೇಕಾದ ವ್ಯವಸ್ಥೆಯನ್ನೂ ಅವರು ಜೊತೆಜೊತೆಗೇ ಬೆಳೆಸಿದರು.

ನಮ್ಮ ದೇಶದಲ್ಲಿ ಅಮೆರಿಕದ ಮಾದರಿಯ ನ್ಯಾಯಾಲಯಗಳಿಲ್ಲ. 1985ರ ಮಾದಕ ದ್ರವ್ಯಗಳ ಕಾಯಿದೆಯಡಿ ವಿಶೇಷ ನ್ಯಾಯಾಲಯಗಳಿವೆ, ಆದರೆ ಅವು ಇರುವುದು ಮೊಕದ್ದಮೆಗಳನ್ನು ಬೇಗ ತೀರ್ಮಾನಿಸಲು, ಚಟ ಬಿಡಿಸಲು ಅಲ್ಲ. ಅದೇ ಕಾಯಿದೆಯ 39ನೇ ಕಲಮು ಹೆಚ್ಚು ಜನರಿಗೆ ಗೊತ್ತಿಲ್ಲ. ಸೇವನೆಗಾಗಿ ಅಥವಾ ಸಣ್ಣ ಪ್ರಮಾಣಕ್ಕಾಗಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆ ಪಡೆದು, ಜೈಲಿನ ಬದಲು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗಾಗಿ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. 64ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ. ಅಂಥವನು ತಾನಾಗಿಯೇ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದಲೇ ಮುಕ್ತಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಕಾಗದದ ಮೇಲೆ ಇದು ಮಯಾಮಿಗಿಂತ ಸೌಮ್ಯವಾಗಿಯೇ ಕಾಣುತ್ತದೆ. ವಾರವಾರದ ಹಾಜರಿಯಿಲ್ಲ, ಚಪ್ಪಾಳೆಯೂ ಇಲ್ಲ. ಆದರೆ 39ನೇ ಕಲಮಿನ ಮುಚ್ಚಳಿಕೆಯಲ್ಲಿ ಒಂದು ಷರತ್ತಿದೆ. ಚಿಕಿತ್ಸೆಯ ಅವಧಿಯಲ್ಲಿ ಅವನು ಕಾಯಿದೆಯ ನಾಲ್ಕನೇ ಅಧ್ಯಾಯದ ಯಾವ ಅಪರಾಧವನ್ನೂ ಮಾಡಕೂಡದು. ಆ ಅಧ್ಯಾಯದ 27ನೇ ಕಲಮಿನಲ್ಲಿ ಮಾದಕ ವಸ್ತುವಿನ ಸೇವನೆಯೇ ಅಪರಾಧ. ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗ ಮೂರನೇ ತಿಂಗಳಲ್ಲಿ ಒಂದು ಸಲ ಜಾರಿದರೆ, ವೈದ್ಯರ ಪಾಲಿಗೆ ಅದು ಮದ್ದಿನ ಪ್ರಮಾಣ ಬದಲಿಸಬೇಕಾದ ದಿನ; ಮುಚ್ಚಳಿಕೆಯ ಪ್ರಕಾರ ಅವನು ಷರತ್ತು ಮುರಿದ ದಿನ.